ಮನೆಯಲ್ಲಿ ತುಂಬೆ ಹೂ ಬೆಳೆಸುವುದು: ಗಿಡ ಕಿತ್ತು ತರಬೇಡಿ, ಬೀಜದಿಂದ ಶುರು ಮಾಡಿ

ಶಿವಪೂಜೆಗೆ ತುಂಬೆ ಹೂ ಬೇಕಾಗುವ ಕಾರ್ತಿಕ ಸೋಮವಾರ ಹತ್ತಿರ ಬಂತು ಅಂದರೆ ನನ್ನ ಫೋನಿಗೆ ಒಂದೇ ಥರದ ಫೋಟೊಗಳು ಬರಲು ಶುರುವಾಗುತ್ತವೆ. ಕುಂಡದಲ್ಲಿ ತಲೆ ಬಗ್ಗಿಸಿ ನಿಂತ ತುಂಬೆ ಗಿಡ. ಜೊತೆಗೆ ಒಂದೇ ಪ್ರಶ್ನೆ: "ರಸ್ತೆ ಬದಿಯಲ್ಲಿ ಯಾರೂ ನೀರು ಹಾಕದಿದ್ದರೂ ಬೆಳೆಯುತ್ತೆ, ನಮ್ಮ ಮನೇಲಿ ಯಾಕೆ ಉಳಿಯಲ್ಲ?" ಶಿವರಾತ್ರಿಗೆ ಮುಂಚೆ ಇನ್ನೊಂದು ಸುತ್ತು ಇದೇ ಪ್ರಶ್ನೆ.

ಮುಕ್ಕಾಲು ಪಾಲು ಜನ ಎಡವುವುದು ಮೊದಲ ಹೆಜ್ಜೆಯಲ್ಲೇ. ಹೂ ಬಿಟ್ಟ ಗಿಡ ನೋಡಿ, ಚೆನ್ನಾಗಿದೆ ಅಂತ ಬೇರು ಸಮೇತ ಕಿತ್ತು ತಂದು ಕುಂಡಕ್ಕೆ ನೆಡುತ್ತಾರೆ. ತುಂಬೆ ಒಂದು ವರ್ಷದ ಗಿಡ. ಮಳೆಗೆ ಹುಟ್ಟಿ, ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಹೂ ಬಿಟ್ಟಿದೆ ಅಂದರೆ ಅದರ ಆಯಸ್ಸು ಅರ್ಧ ಮುಗಿದಿದೆ ಅಂತ ಅರ್ಥ. ಆ ಹೊತ್ತಿನಲ್ಲಿ ತಾಯಿಬೇರು ತುಂಡಾದರೆ ಹೊಸ ಬೇರು ಬಿಡುವ ಶಕ್ತಿ ಅದಕ್ಕಿರಲ್ಲ. ನಮ್ಮ ಎದುರು ಮನೆಯ ಅಕ್ಕ ಹೀಗೆ ತಂದ ಗಿಡಕ್ಕೆ ಕೊಡೆ ಹಿಡಿದು ನೆರಳು ಮಾಡಿದರು, ಬೆಳಗ್ಗೆ ಸಂಜೆ ನೀರು ಹಾಕಿದರು. ನಾಲ್ಕನೇ ದಿನಕ್ಕೆ ಎಲೆ ಕಪ್ಪಾಯಿತು. ಅವರು ನೋಡಿಕೊಂಡ ರೀತಿಯಲ್ಲಿ ಕೊರತೆ ಇರಲಿಲ್ಲ. ತಂದ ಗಿಡವೇ ಉಳಿಯುವಂಥದ್ದಲ್ಲ.

ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಇಲ್ಲಿರುವ ದಿನಗಳ ಲೆಕ್ಕ ತುಮಕೂರಿನ ನಮ್ಮ ಅಂಗಳದ್ದು. ಕೋಲಾರ, ಚಿಕ್ಕಬಳ್ಳಾಪುರದ ಹವೆಗೂ ಹೆಚ್ಚುಕಡಿಮೆ ಹೊಂದುತ್ತದೆ.

ಮೊದಲು ಸಾಮಾನು ಜೋಡಿಸಿಕೊಳ್ಳಿ

ದುಬಾರಿ ಸಾಮಾನು ಏನೂ ಬೇಡ. ಕಾಗದದ ಕವರ್, ಒಂದು ಮೊರ, ಹಿಟ್ಟಿನ ಜರಡಿ, ಕಳೆ ಕೀಳುವ ಕುರ್ಪಿ, ಸ್ಪ್ರೇ ಬಾಟಲಿ, ಸಣ್ಣ ಕತ್ತರಿ. ನೆಲ ಇಲ್ಲದವರಿಗೆ 10 ಇಂಚಿನ ಕುಂಡ, ಬುಡದಲ್ಲಿ ತೂತು ಇರಲೇಬೇಕು. ಮಗ್ಗಿನಲ್ಲಿ ನೀರು ಸುರಿಯುವ ಅಭ್ಯಾಸ ಇದ್ದರೆ ಮೊದಲ ಒಂದು ತಿಂಗಳು ಆ ಮಗ್ಗನ್ನು ದೂರ ಇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಂತ 1: ಸರಿಯಾದ ಗಿಡ ಗುರುತಿಸಿ

"ತುಂಬೆ" ಅನ್ನುವ ಹೆಸರಿನಲ್ಲಿ ಬೇರೆ ಗಿಡಗಳೂ ಇವೆ. ನಮಗೆ ಬೇಕಾದ್ದು ಬಿಳಿ ಹೂವಿನ ತುಂಬೆ, ಸಸ್ಯಶಾಸ್ತ್ರದಲ್ಲಿ ಲ್ಯೂಕಾಸ್ ಆಸ್ಪೆರಾ. ತುಳಸಿ, ಪುದೀನ ಇವುಗಳ ಕುಟುಂಬದ್ದು. ಕಾಂಡವನ್ನು ಎರಡು ಬೆರಳ ಮಧ್ಯೆ ಹೊರಳಿಸಿ ನೋಡಿ, ನಾಲ್ಕು ಮೂಲೆ ಕೈಗೆ ಸಿಗುತ್ತದೆ. ಎಲೆ ಉದ್ದ, ಸಪೂರ, ಎದುರುಬದುರು ಜೋಡಿ. ಮುಟ್ಟಿದರೆ ಒರಟು, ತಿಕ್ಕಿದರೆ ಖಾರದ ವಾಸನೆ. ಹೂ ಕಾಂಡದ ಸುತ್ತ ಚೆಂಡಿನ ಹಾಗೆ ಕೂತಿರುತ್ತದೆ. ಒಂದೊಂದು ಹೂವಿಗೂ ಮೇಲೆ ನವಿರು ಕೂದಲಿನ ಸಣ್ಣ ಟೋಪಿ, ಕೆಳಗೆ ಅಗಲವಾದ ಬಿಳಿ ತುಟಿ. ಗಿಡ ಮೊಣಕಾಲಿನ ಎತ್ತರ ದಾಟುವುದು ಅಪರೂಪ.

ಕರಿತುಂಬೆಯ ಎಲೆ ದಪ್ಪ, ಉಣ್ಣೆ ಮುಟ್ಟಿದ ಹಾಗೆ, ಹೂ ನೇರಳೆ. ಅದು ಪೊದೆಯಾಗಿ ವರ್ಷಗಟ್ಟಲೆ ಇರುತ್ತದೆ. ಕತ್ತೆ ತುಂಬೆಯ ಹೂ ತಿಳಿ ನೀಲಿ, ನೆಲ ನೋಡುತ್ತಾ ಜೋತಾಡುತ್ತದೆ. ಇವೆರಡೂ ನಮಗೆ ಬೇಡ.

ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ಇದಕ್ಕೆ "ತುಮ್ಮಿ" ಅಂತಾರೆ. ಅಲ್ಲಿ ಆ ಹೆಸರಲ್ಲೇ ಕೇಳಿ, ಬೇಗ ತೋರಿಸುತ್ತಾರೆ.

ಹಂತ 2: ಬೀಜ ಕೂಡಿಡಿ

ಇದಕ್ಕೆ ಸರಿಯಾದ ಕಾಲ ರಾಗಿ ಕೊಯ್ಲಿನ ಹೊತ್ತು, ನವೆಂಬರ್ ಕೊನೆಯಿಂದ ಜನವರಿ. ರಾಗಿ ಹೊಲದ ಬದು, ಕೆರೆ ಏರಿಯ ಪಕ್ಕ, ಖಾಲಿ ಸೈಟು, ಇಲ್ಲೆಲ್ಲ ಒಣಗುತ್ತಿರುವ ತುಂಬೆ ಸಿಗುತ್ತದೆ. ಹೊಲ ಬೇರೆಯವರದ್ದಾದರೆ ಒಂದು ಮಾತು ಕೇಳಿ ಹೋಗಿ. ಕಳೆನಾಶಕ ಹೊಡೆದ ಬದು, ಚರಂಡಿ ಪಕ್ಕದ ಗಿಡ ಬೇಡ.

ಒಣಗಿದ ಒಂದು ಚೆಂಡನ್ನು ಹತ್ತಿರದಿಂದ ನೋಡಿ. ಹೂ ಉದುರಿ ಹೋಗಿದೆ, ಹೂ ಕೂತಿದ್ದ ಪುಟ್ಟ ಲೋಟಗಳು ಮಾತ್ರ ಕಾಂಡದ ಸುತ್ತ ಒತ್ತಾಗಿ ಉಳಿದಿವೆ. ಲೋಟದ ಬಾಯಿ ಓರೆ, ಅಂಚಿನಲ್ಲಿ ಸಣ್ಣ ಹಲ್ಲು. ಒಳಗೆ ತಳದಲ್ಲಿ ಕಂದು ಬಣ್ಣದ ನಾಲ್ಕು ಕಾಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಕೂತಿರುತ್ತವೆ. ಅವೇ ಬೀಜ. ರಾಗಿ ಕಾಳಿಗಿಂತ ಸ್ವಲ್ಪ ಉದ್ದ, ನುಣುಪು. ಲೋಟ ಇನ್ನೂ ಹಸಿರಾಗಿದ್ದರೆ ಕಾಳೂ ಎಳಸು, ಬಿಳಿಚಾಗಿರುತ್ತದೆ. ಅದನ್ನು ತಂದು ಒಣಗಿಸಿದರೆ ಮುದುಡಿ ಹೋಗುತ್ತದೆ, ಮೊಳೆಯಲ್ಲ. ಲೋಟ ಹುಲ್ಲಿನ ಬಣ್ಣಕ್ಕೆ ತಿರುಗಿರಬೇಕು.

ಗಿಡವನ್ನು ಕೀಳಬೇಡಿ. ಚೆಂಡಿನ ಕೆಳಗೆ ಕವರ್ ಹಿಡಿದು, ಕಾಂಡ ಬಗ್ಗಿಸಿ, ಬೆರಳಿನಿಂದ ನಾಲ್ಕು ಸಲ ತಟ್ಟಿ. ಬೀಜ ಸುರಿಯುತ್ತದೆ. ಐದಾರು ಗಿಡದಿಂದ ಸ್ವಲ್ಪ ಸ್ವಲ್ಪ ತಗೊಳ್ಳಿ, ಮಿಕ್ಕಿದ್ದು ಅಲ್ಲೇ ಬೀಳಲಿ. ಆ ಜಾಗದಲ್ಲಿ ಮುಂದಿನ ವರ್ಷವೂ ತುಂಬೆ ಇರಬೇಕಲ್ವಾ?

ಮನೆಗೆ ತಂದು ಮೊರದಲ್ಲಿ ಹರಡಿ, ಹೊಟ್ಟು ಊದಿ, ನೆರಳಲ್ಲಿ ಒಂದು ವಾರ ಒಣಗಿಸಿ. ಪ್ಲಾಸ್ಟಿಕ್ ಡಬ್ಬಿಗೆ ಹಸಿಯಾಗಿ ತುಂಬಿದರೆ ಬೂಷ್ಟು ಬರುತ್ತದೆ. ಕಾಗದದ ಕವರಿನಲ್ಲಿ ಇಡಿ. ನಾನು ಒಂದು ವರ್ಷ ಡಿಸೆಂಬರಿನಲ್ಲಿ ತಂದ ಬೀಜವನ್ನು ತಂದ ವಾರವೇ ಬಿತ್ತಿದೆ, ಅಲ್ಲೊಂದು ಇಲ್ಲೊಂದು ಬಂತು. ಅದೇ ಕವರಿನ ಉಳಿದ ಬೀಜ ಬೇಸಿಗೆ ಕಳೆದು ಜೂನ್ ಕೊನೆಗೆ ಹಾಕಿದಾಗ ದಟ್ಟವಾಗಿ ಎದ್ದಿತು. ಅವತ್ತಿನಿಂದ ಕೆಲವು ತಿಂಗಳು ಹಳೆಯದಾದ ಬೀಜವನ್ನೇ ಬಳಸುತ್ತೇನೆ.

ಕೊಂಡು ತರುವ ವಿಷಯ ಬಂದರೆ, ಎಚ್ಚರ. ನಾನು ಆನ್‌ಲೈನಿನಲ್ಲಿ ತುಂಬೆ ಬೀಜ ಅಂತ ತರಿಸಿದ ಪೊಟ್ಟಣದಿಂದ ಆಳೆತ್ತರದ ಘಾಟು ವಾಸನೆಯ ಕಾಡು ತುಳಸಿ ಬಂತು. ಮೂರು ತಿಂಗಳು ಹಾಳಾಯಿತು. ಕಣ್ಣಾರೆ ನೋಡಿದ ಗಿಡದ ಬೀಜವೇ ವಾಸಿ.

ಹಂತ 3: ಯಾವಾಗ ಹೂ ಬೇಕು ಅಂತ ನೋಡಿ, ಬಿತ್ತುವ ದಿನ ಗೊತ್ತುಮಾಡಿ

ಮುಂಗಾರಿನಲ್ಲಿ ಬಿತ್ತಿದ್ದಕ್ಕೆ ನಮ್ಮಲ್ಲಿ ಸುಮಾರು ಎರಡು ತಿಂಗಳಿಗೆ ಮೊದಲ ಹೂ. ಚಳಿಗಾಲದಲ್ಲಿ ಅದೇ ಮೂರು ತಿಂಗಳು ಹಿಡಿಯುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಶಿವರಾತ್ರಿಗೆ ಅಂತ ಹೊಸ ವರ್ಷದ ದಿನ ಬಿತ್ತುವವರು ಜಾಸ್ತಿ. ಹಬ್ಬದ ದಿನ ಅವರ ಕುಂಡದಲ್ಲಿ ಬರೀ ಎಲೆ.

ಕಾರ್ತಿಕಕ್ಕೆ ಬೇಕಾದರೆ ಆರಿದ್ರಾ ಮಳೆಯಿಂದ ಪುಷ್ಯ ಮಳೆಯೊಳಗೆ, ಅಂದರೆ ಜೂನ್ ಕೊನೆಯಿಂದ ಜುಲೈ ಮುಗಿಯುವುದರೊಳಗೆ ಬಿತ್ತಿ. ರಾಗಿ ಬಿತ್ತನೆಯ ಆಸುಪಾಸು ಅಂತ ನೆನಪಿಟ್ಟರೆ ಸಾಕು. ಇದೇ ಸುಲಭದ ಬಿತ್ತನೆ, ಮೊದಲ ಸಲ ಮಾಡುವವರು ಇಲ್ಲಿಂದಲೇ ಶುರು ಮಾಡಿ.

ಶಿವರಾತ್ರಿಗೆ ಬೇಕಾದರೆ ಹಬ್ಬಕ್ಕೆ 100 ದಿನ ಮುಂಚೆ ಬಿತ್ತಬೇಕು. 2026ರ ಶಿವರಾತ್ರಿ ಫೆಬ್ರುವರಿ 15ಕ್ಕೆ, ಹಿಂದಕ್ಕೆ ಎಣಿಸಿದರೆ 2025ರ ನವೆಂಬರ್ 7. 2027ರಲ್ಲಿ ಹಬ್ಬ ಮಾರ್ಚ್ 6ಕ್ಕೆ, ಆಗ ಲೆಕ್ಕ 2026ರ ನವೆಂಬರ್ 26ಕ್ಕೆ ಬರುತ್ತದೆ. ಆದರೂ ನಾನಾದರೆ ನವೆಂಬರ್ ಮಧ್ಯದಲ್ಲೇ ಬಿತ್ತುತ್ತೇನೆ. ಡಿಸೆಂಬರಿನ ಚಳಿ ಹತ್ತಿರವಾದಷ್ಟೂ ಮೊಳಕೆ ನಿಧಾನ. ಚಿಕ್ಕಬಳ್ಳಾಪುರದಲ್ಲಿ, ಅದರಲ್ಲೂ ನಂದಿ ಬೆಟ್ಟದ ಸುತ್ತ ಮಂಜು ಬೀಳುವ ಊರಿನವರು ಇನ್ನೊಂದು ವಾರ ಮುಂಚೆ ಹಾಕಿ.

ಹಂತ 4: ಜಾಗ ಮತ್ತು ಮಣ್ಣು

ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಬಾಲ್ಕನಿಯ ಗ್ರಿಲ್ ಒಳಗೆ ಬರುವ ಎರಡು ಗಂಟೆ ಬಿಸಿಲಿಗೆ ಗಿಡ ಉದ್ದ ಎಳೆದುಕೊಂಡು ಬಗ್ಗುತ್ತದೆ, ಹೂ ಬರಲ್ಲ. ಟೆರೇಸ್ ಒಳ್ಳೆಯ ಜಾಗ.

ಎರಡನೇ ದೊಡ್ಡ ತಪ್ಪು ಮಣ್ಣಿನಲ್ಲಿ ಆಗುತ್ತದೆ. ಗುಲಾಬಿ, ಸೇವಂತಿಗೆ ಬೆಳೆದು ರೂಢಿ ಇರುವವರು ಅದೇ ಹದದಲ್ಲಿ ಇದಕ್ಕೂ ಮಣ್ಣು ಕಲೆಸುತ್ತಾರೆ: ಅರ್ಧ ಕೋಕೋಪೀಟ್, ಕೈತುಂಬ ಎರೆಗೊಬ್ಬರ, ಮೇಲೆ ಒಂದಿಷ್ಟು ಬೇವಿನ ಹಿಂಡಿ. ಗಿಡ ಸೊಂಪಾಗಿ, ಕಡು ಹಸಿರಾಗಿ ಎರಡು ಅಡಿ ಬೆಳೆದು ಅಡ್ಡ ಬೀಳುತ್ತದೆ. ಕೋಕೋಪೀಟ್ ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ತುಂಬೆ ಹುಟ್ಟಿ ಬೆಳೆದಿದ್ದು ನಮ್ಮ ಕೆಮ್ಮಣ್ಣಿನ ಬರಡು ಬದುವಿನಲ್ಲಿ. ಅದಕ್ಕೆ ಅಂಥ ಮಣ್ಣೇ ಕೊಡಿ.

ಕುಂಡಕ್ಕೆ: ಮೂರು ಪಾಲು ಹೊಲದ ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಅರ್ಧ ಪಾಲು ಜರಡಿ ಹಿಡಿದ ಹಳೇ ಕೊಟ್ಟಿಗೆ ಗೊಬ್ಬರ. ಎಂ-ಸ್ಯಾಂಡ್ ಬಳಸುವುದಾದರೆ ತೊಳೆದು, ಹಿಟ್ಟಿನಂಥ ಧೂಳು ತೆಗೆದು ಹಾಕಿ. ಆ ಧೂಳು ನೀರಿಗೆ ಗಟ್ಟಿಯಾಗಿ ಸಿಮೆಂಟಿನ ಹಾಗೆ ಕೂರುತ್ತದೆ. ಇದರ ಮೇಲೆ ಬೇರೆ ಗೊಬ್ಬರ ಏನೂ ಬೇಡ, ಕೊನೆಯವರೆಗೂ.

ನೆಲದಲ್ಲಿ ಬೆಳೆಸುವವರು ಬಿತ್ತುವ ಎರಡು ವಾರ ಮುಂಚೆ ಒಂದು ಕೆಲಸ ಮಾಡಿ. ಮೇಲಿನ ಎರಡು ಇಂಚು ಸಡಿಲ ಮಾಡಿ, ನೀರು ಹಾಕಿ ಸುಮ್ನೆ ಬಿಡಿ. ಹತ್ತು ದಿನಕ್ಕೆ ಕಾಂಗ್ರೆಸ್ ಗಿಡ, ಗರಿಕೆ, ಕೊನ್ನಾರಿ ಎಲ್ಲ ತಲೆ ಎತ್ತುತ್ತವೆ. ಕಾಂಗ್ರೆಸ್ ಸಸಿ ಕಿತ್ತುಹಾಕಿ. ಕೊನ್ನಾರಿಯನ್ನು ಗಡ್ಡೆ ಸಮೇತ ತೆಗೆಯಿರಿ. ಆಮೇಲೆ ಮತ್ತೆ ಅಗೆಯಬೇಡಿ. ಅಗೆದರೆ ಕೆಳಗಿನ ಕಳೆ ಬೀಜ ಮೇಲೆ ಬರುತ್ತದೆ, ಮಾಡಿದ ಕೆಲಸ ದಂಡ.

ಹಂತ 5: ಬಿತ್ತನೆ

ಒಂದು ಚಿಟಿಕೆ ಬೀಜಕ್ಕೆ ಒಂದು ಹಿಡಿ ಒಣ ಮರಳು ಬೆರೆಸಿ. ಮಣ್ಣನ್ನು ಹಿಂದಿನ ದಿನವೇ ನೆನೆಸಿ ಇಟ್ಟಿರಿ. ಮರಳು ಬೀಜ ಎರಡನ್ನೂ ರಂಗೋಲಿ ಪುಡಿ ಬಿಡುವ ಹಾಗೆ ಬೆರಳ ಸಂದಿಯಿಂದ ಉದುರಿಸುತ್ತಾ ಹೋಗಿ. ಆಮೇಲೆ ಅಂಗೈಯಿಂದ ಮೆತ್ತಗೆ ಒತ್ತಿ. ಅಷ್ಟೇ. ಮೇಲೆ ಮಣ್ಣು ಮುಚ್ಚಬೇಡಿ. ಬೆರಳಲ್ಲಿ ಗುಳಿ ತೋಡಿ ಅವರೆ ಕಾಳು ಹಾಕುವ ಹಾಗೆ ಹಾಕಿದರೆ ಇಷ್ಟು ಚಿಕ್ಕ ಬೀಜದ ಮೊಳಕೆಗೆ ಮೇಲೆ ಬರಲು ಬಲ ಸಾಲಲ್ಲ. "ಒಂದೂ ಹುಟ್ಟಲಿಲ್ಲ" ಅಂದವರನ್ನು ಕೇಳಿದರೆ ಹೆಚ್ಚಿನವರು ಅರ್ಧ ಇಂಚು ಕೆಳಗೆ ಹಾಕಿರುತ್ತಾರೆ.

ನೀರು ಸ್ಪ್ರೇ ಬಾಟಲಿಯಿಂದ ಮಾತ್ರ. ಮಗ್ಗಿನಲ್ಲಿ ಒಂದು ಸಲ ಸುರಿದರೆ ಬೀಜವೆಲ್ಲ ತೇಲಿ ಒಂದು ಮೂಲೆಗೆ ಸೇರುತ್ತದೆ. ಜೋರು ಮಳೆಯೂ ಹಾಗೇ. ಮೊದಲ ವಾರ ರಾತ್ರಿ ಮಳೆ ಬರುವ ಸೂಚನೆ ಇದ್ದರೆ ಕುಂಡವನ್ನು ಸೂರಿನ ಕೆಳಗೆ ಎಳೆದಿಡಿ, ನೆಲದಲ್ಲಾದರೆ ನಾಲ್ಕು ಎಳೆ ರಾಗಿ ಹುಲ್ಲು ತೆಳ್ಳಗೆ ಹರಡಿ. ಗೋಣಿಚೀಲ ಹೊದಿಸಬೇಡಿ. ಅದರ ಎಳೆಗೆ ಮೊಳಕೆ ಸಿಕ್ಕಿಕೊಂಡು, ಎತ್ತುವಾಗ ಕಿತ್ತು ಬರುತ್ತದೆ.

ಬಿತ್ತಿದ ಮರುದಿನವೇ ಇರುವೆ ಸಾಲು ಕಂಡರೆ ಬೀಜ ಹೋಗುತ್ತಿದೆ ಅಂತಲೇ ತಿಳಿಯಿರಿ. ಕುಂಡವನ್ನು ಮೂರು ಕಲ್ಲಿನ ಮೇಲೆ ಕೂರಿಸಿ, ಕಲ್ಲುಗಳನ್ನು ನೀರಿರುವ ತಟ್ಟೆಯಲ್ಲಿ ಇಡಿ. ಸಿಹಿ ತಿಂಡಿ ಡಬ್ಬಿಗೆ ಮಾಡುವ ಉಪಾಯವೇ. ಕುಂಡದ ತಳಕ್ಕೆ ನೀರು ತಾಗಬಾರದು.

ಒಂದು ವಾರದಿಂದ ಎರಡು ವಾರದಲ್ಲಿ ಮೊಳಕೆ ಕಾಣುತ್ತದೆ. ಎಲ್ಲ ಒಟ್ಟಿಗೆ ಬರಲ್ಲ, ಮೂರನೇ ವಾರದಲ್ಲೂ ಹೊಸವು ಏಳುತ್ತವೆ. ಹತ್ತನೇ ದಿನಕ್ಕೆ ಬೇಸರ ಮಾಡಿಕೊಂಡು ಮಣ್ಣು ಕೆದಕಬೇಡಿ.

ಹಂತ 6: ಸಸಿ ಉಳಿಸಿಕೊಳ್ಳುವುದು

ಸಾವು ಜಾಸ್ತಿ ಆಗುವುದು ಇಲ್ಲೇ. ಮನೆಯವರೇ ಕಳೆ ಅಂತ ಕಿತ್ತುಹಾಕುವುದೂ ಇಲ್ಲೇ.

ತುಂಬೆ ಸಸಿಗೆ ಮೊದಲು ಎರಡು ಪುಟ್ಟ ದುಂಡು ಎಲೆ. ಆಮೇಲೆ ಬರುವ ನಿಜವಾದ ಎಲೆಗಳು ಎದುರುಬದುರು, ಮೇಲೆ ಸಣ್ಣ ರೋಮ. ಕಾಂಗ್ರೆಸ್ ಸಸಿಯ ಎಲೆ ಕ್ಯಾರೆಟ್ ಸೊಪ್ಪಿನ ಹಾಗೆ ಸೀಳಿಕೊಂಡು ನೆಲಕ್ಕೆ ಅಂಟಿ ಹರಡುತ್ತದೆ. ಅನುಮಾನ ಬಂದರೆ ನಾಲ್ಕು ಎಲೆ ಆಗುವವರೆಗೆ ಬಿಟ್ಟು, ಒಂದು ಎಲೆ ಚಿವುಟಿ ಮೂಸಿ ನೋಡಿ. ತೋಟದ ಕೆಲಸಕ್ಕೆ ಬೇರೆಯವರು ಬರುತ್ತಿದ್ದರೆ ಸುತ್ತ ಕಲ್ಲಿಟ್ಟು ಗುರುತು ಮಾಡಿ, ಬಾಯಲ್ಲೂ ಹೇಳಿ. ಅವರ ಕಣ್ಣಿಗೆ ತುಂಬೆ ಅಂದರೆ ಹೊಲದಲ್ಲಿ ಕಿತ್ತು ಕಿತ್ತು ಸಾಕಾದ ಕಳೆ.

ಸಸಿ ನಿಂತಲ್ಲೇ ಕತ್ತು ಸಣ್ಣಗಾಗಿ, ನೀರಾಗಿ, ಪಕ್ಕಕ್ಕೆ ಮಲಗಿದರೆ ಅದು ನೀರು ಹೆಚ್ಚಾದ ಗುರುತು. ಒಂದು ಕಡೆ ಶುರುವಾದರೆ ಎರಡು ದಿನದಲ್ಲಿ ಅಂಗೈ ಅಗಲ ಖಾಲಿಯಾಗುತ್ತದೆ. ತಕ್ಷಣ ನೀರು ನಿಲ್ಲಿಸಿ, ಮಲಗಿದ ಸಸಿಗಳನ್ನು ಅವುಗಳ ಬುಡದ ಮಣ್ಣಿನ ಸಮೇತ ತೆಗೆದು ಎಸೆದು, ಕುಂಡವನ್ನು ಗಾಳಿ ಬಿಸಿಲಿಗೆ ಇಡಿ. ಉಳಿದವು ಬದುಕುತ್ತವೆ.

ನಾಲ್ಕು ಎಲೆ ಬಂದ ಮೇಲೆ ತೆಳುವು ಮಾಡಿ. ನೆಲದಲ್ಲಿ ಗಿಡದಿಂದ ಗಿಡಕ್ಕೆ ಒಂದು ಗೇಣು, 10 ಇಂಚಿನ ಕುಂಡಕ್ಕೆ ಮೂರೇ ಗಿಡ. ಬೇಡದ್ದನ್ನು ಕೀಳದೆ ಕತ್ತರಿಯಿಂದ ಬುಡದಲ್ಲಿ ಕತ್ತರಿಸಿ. ಕಿತ್ತರೆ ಪಕ್ಕದ ಸಸಿಯ ಬೇರೂ ಅಲುಗಾಡುತ್ತದೆ. ಎಲ್ಲ ಇರಲಿ ಅಂತ ಮನಸ್ಸಾಗುತ್ತದೆ, ನನಗೂ ಆಗುತ್ತದೆ. ಆದರೆ ಒತ್ತಾಗಿ ಬಿಟ್ಟ ಕುಂಡದಲ್ಲಿ ಇಪ್ಪತ್ತು ಗಿಡದಿಂದ ಸಿಗುವ ಹೂವಿಗಿಂತ ಮೂರು ಗಿಡದ ಹೂ ಹೆಚ್ಚು.

ಬೇರೆ ಕಡೆ ನೆಡಲೇಬೇಕಾದರೆ ಈ ವಯಸ್ಸಿನಲ್ಲೇ, ಸಂಜೆ ಹೊತ್ತು, ಬೇರಿನ ಸುತ್ತ ನಿಂಬೆಹಣ್ಣಿನ ಗಾತ್ರದ ಮಣ್ಣು ಹೆಂಟೆ ಸಮೇತ ಎತ್ತಿ. ಆರೇಳು ಎಲೆ ದಾಟಿದ ಮೇಲೆ ಮುಟ್ಟಬೇಡಿ.

ಹಂತ 7: ಹೂವಿನವರೆಗೆ

ಇಲ್ಲಿಂದ ಕೆಲಸ ಕಡಿಮೆ. ಬೆರಳನ್ನು ಒಂದು ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು. ಮಧ್ಯಾಹ್ನ ಎಲೆ ಸೋತ ಹಾಗೆ ಕಂಡು ಸಂಜೆಗೆ ಎದ್ದು ನಿಂತರೆ ಅದು ಬಿಸಿಲಿನ ಆಟ, ನೀರು ಬೇಡ. ಬೆಳಗ್ಗೆಯೂ ಸೋತೇ ಇದ್ದರೆ ಮಣ್ಣು ಮುಟ್ಟಿ: ಒಣಗಿದ್ದರೆ ಬಾಯಾರಿಕೆ, ಒದ್ದೆ ಇದ್ದರೆ ಬೇರು ಕೊಳೆಯುತ್ತಿದೆ.

ಜುಲೈ ಬಿತ್ತನೆಯ ಗಿಡ ಆರು ಇಂಚು ಆದಾಗ ತುದಿ ಚಿವುಟಿ, ಕವಲು ಹೆಚ್ಚುತ್ತದೆ. ನವೆಂಬರ್ ಬಿತ್ತನೆಗೆ ಚಿವುಟಬೇಡಿ, ಹೂ ತಡವಾಗುತ್ತದೆ.

ಇನ್ನು ಗಮನಿಸಬೇಕಾದ್ದು: ಕೆಳಗಿನ ಎಲೆ ಹಳದಿಯಾಗಿ ಮಣ್ಣು ಒದ್ದೆ ಇದ್ದರೆ ನೀರು ಕಮ್ಮಿ ಮಾಡಿ. ಎಲೆ ಮೇಲೆ ಬಿಳಿ ಪುಡಿ ಬಂದರೆ ಬೂದಿ ರೋಗ. ಆ ಎಲೆ ತೆಗೆದು, ಗಿಡಗಳ ಮಧ್ಯೆ ಗಾಳಿ ಆಡುವಂತೆ ಮಾಡಿ. ಕವಲಿನ ಸಂದಿಯಲ್ಲಿ ಹತ್ತಿಯಂಥ ಹಿಟ್ಟು ತಿಗಣೆ ಕಂಡರೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ನೀರಲ್ಲಿ ತೊಳೆಯಿರಿ. ಔಷಧಿ ಹೊಡೆಯಲೇಬೇಡಿ. ಹೂ ದೇವರಿಗೆ ಹೋಗುತ್ತದೆ, ಚಿಟ್ಟೆ, ಜೇನುಹುಳ ದಿನವೂ ಆ ಹೂವಿಗೆ ಬರುತ್ತವೆ.

ಹಂತ 8: ಹೂ ಬಿಡಿಸುವುದು

ಚೆಂಡನ್ನೇ ಮುರಿದುಕೊಳ್ಳುವವರು ಒಂದೇ ದಿನದಲ್ಲಿ ಹದಿನೈದು ದಿನದ ಹೂ ಕಳೆದುಕೊಳ್ಳುತ್ತಾರೆ. ಒಂದು ಚೆಂಡಿನಲ್ಲಿ ಎಲ್ಲ ಹೂ ಒಟ್ಟಿಗೆ ಅರಳಲ್ಲ. ಇವತ್ತು ಐದಾರು, ನಾಳೆ ಇನ್ನೈದಾರು, ಹೀಗೆ ನಡೆಯುತ್ತದೆ. ಅರಳಿದ್ದನ್ನು ಮಾತ್ರ ತೆಗೆಯಿರಿ.

ಬೆಳಗ್ಗೆ ಇಬ್ಬನಿ ಆರಿದ ಮೇಲೆ ಹೋಗಿ. ಎಡಗೈಯಲ್ಲಿ ಸ್ಟೀಲ್ ತಟ್ಟೆ ಚೆಂಡಿನ ಕೆಳಗೆ ಇರಲಿ. ಬಲಗೈಯ ಹೆಬ್ಬೆರಳು, ತೋರುಬೆರಳಿನಿಂದ ಬಿಳಿ ತುಟಿಯನ್ನು ಹಿಡಿದು ನೇರ ಹೊರಗೆ ಎಳೆಯಿರಿ. ಹೂ ಲೋಟದಿಂದ ಜಾರಿ ಬರುತ್ತದೆ. ಕೊಳವೆಯ ತುದಿಯಲ್ಲಿ ಸೂಜಿಮೊನೆಯಷ್ಟು ಜೇನು ಮಿಂಚುತ್ತಿರುತ್ತದೆ. ಚಿಕ್ಕಂದಿನಲ್ಲಿ ಅದನ್ನು ಚೀಪದವರು ನಮ್ಮ ಕಡೆ ಯಾರಿದ್ದಾರೆ? ಬೀಜ ಕಟ್ಟುವ ಭಾಗ ಲೋಟದ ತಳದಲ್ಲೇ ಉಳಿಯುತ್ತದೆ, ಜೇನುಹುಳ ಮೊದಲೇ ಬಂದು ಹೋಗಿದ್ದರೆ ಹೂ ತೆಗೆದ ಮೇಲೂ ಅಲ್ಲಿ ನಾಲ್ಕು ಕಾಳು ಕಟ್ಟುತ್ತವೆ. ಹಾಗಾಗಿ ತೀರ ಬೆಳಗಿನ ಜಾವ ಬಿಡಿಸಬೇಡಿ, ಹುಳಕ್ಕೂ ಸ್ವಲ್ಪ ಹೊತ್ತು ಕೊಡಿ. ಕೊಯ್ದ ಹೂವನ್ನು ಐದು ನಿಮಿಷ ಬಟ್ಟೆ ಮೇಲೆ ಹರಡಿದರೆ ಒಳಗಿದ್ದ ಇರುವೆ ಹೊರಟುಹೋಗುತ್ತದೆ.

ಹೂ ಬೇಗ ಬಾಡುತ್ತದೆ. ಪೂಜೆಯ ದಿನವೇ ಬಿಡಿಸಿ.

ಹಂತ 9: ಮುಂದಿನ ವರ್ಷಕ್ಕೆ

ಗಿಡ ಒಣಗತೊಡಗಿದಾಗ ರೋಗ ಬಂತು ಅಂತ ಗಾಬರಿಯಾಗಿ ನೀರು, ಗೊಬ್ಬರ ಹಾಕಬೇಡಿ. ಅದರ ಕಾಲ ಮುಗಿಯಿತು. ಕಿತ್ತು ಕಸಕ್ಕೂ ಹಾಕಬೇಡಿ. ಚೆನ್ನಾಗಿ ಹೂ ಬಿಟ್ಟ ಎರಡು ಮೂರು ಗಿಡವನ್ನು ಹಾಗೇ ನಿಲ್ಲಿಸಿ, ಲೋಟಗಳು ಹುಲ್ಲಿನ ಬಣ್ಣಕ್ಕೆ ಬಂದ ಮೇಲೆ ಅರ್ಧ ಬೀಜ ಕವರಿಗೆ ತಟ್ಟಿಕೊಳ್ಳಿ, ಅರ್ಧ ಅಲ್ಲೇ ಉದುರಲಿ. ನೆಲದಲ್ಲಿ ಬೆಳೆಸಿದ್ದರೆ ಆ ಜಾಗವನ್ನು ಬೇಸಿಗೆಯಲ್ಲಿ ಅಗೆಯಬೇಡಿ, ಗುಡಿಸಿ ಸಾರಿಸಬೇಡಿ. ಮಳೆ ಬಿದ್ದ ಮೇಲೆ ತಾನಾಗಿ ಏಳುತ್ತವೆ, ಹಂತ 6ರಿಂದ ಶುರು ಮಾಡಿದರಾಯಿತು. ಬೇಡದ ಕಡೆ ಹುಟ್ಟಿದರೆ ಎಳೆಯದರಲ್ಲೇ ಕಿತ್ತರೆ ಸುಲಭವಾಗಿ ಬರುತ್ತದೆ.

ಕುಂಡದವರು ಒಣಗಿದ ಗಿಡವನ್ನು ಬುಡದಲ್ಲಿ ಕತ್ತರಿಸಿ, ಕುಂಡವನ್ನು ಮಣ್ಣಿನ ಸಮೇತ ಒಣ ಜಾಗದಲ್ಲಿ ಎತ್ತಿಡಿ. ಬೀಜದ ಕವರಿನ ಮೇಲೆ ತಂದ ತಿಂಗಳು, ತಂದ ಜಾಗ ಬರೆಯಿರಿ. ಎರಡು ವರ್ಷದ ಬೀಜ ಬೆರಕೆಯಾದರೆ ಯಾವುದು ಮೊಳೆಯಿತು, ಯಾವುದು ಮೊಳೆಯಲಿಲ್ಲ ಅಂತ ಗೊತ್ತಾಗಲ್ಲ.